ಬೇಳೆ ಮಿಲ್ಲಿನಲ್ಲಿ ಬಳೆ ತೆಗೆಸಿದ ದಿನಗಳು

ನಾನು ಕಲಬುರಗಿಯ ಬೇಳೆ ಮಿಲ್ಲಿನಲ್ಲಿ ದುಡಿದದ್ದು ನಿಮಗೆ ಗೊತ್ತು. ಅಲ್ಲಿ ಯಾರ ಜೊತೆ ಕೂತು ಉಣ್ಣುತ್ತಿದ್ದೆ ಎಂದು ನೀವು ಕೇಳಿಲ್ಲ, ನಾನೂ ಹೇಳಿಲ್ಲ. ಎದುರಿಗೆ ಹೇಳಲು ನನಗೆ ಬಾಯಿ ಬರುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಿಮ್ಮ ಅಜ್ಜ ತೀರಿಹೋಗಿದ್ದರು. ನಿಮ್ಮ ಅವ್ವ ಬೀದರದಲ್ಲಿ ನಿಮ್ಮನ್ನು ಎತ್ತಿ ಆಡಿಸುತ್ತಿದ್ದಳು. ನಾನು ಕಮಲಾಪುರದಿಂದ ಬೆಳಗಿನ ಬಸ್ಸಿಗೆ ಹೊರಟು ಮಿಲ್ಲಿಗೆ ಬರುತ್ತಿದ್ದೆ. ತೊಗರಿಬೇಳೆ ಓಡುವ ರಬ್ಬರಿನ ಪಟ್ಟಾದ ಮೇಲೆ ಹರಿದು ಬರುತ್ತಿತ್ತು. ಎರಡೂ ಬದಿಗೆ ಹೆಂಗಸರು ನಿಂತು ಕಲ್ಲು, ಕರಿಕಾಳು ಆರಿಸುತ್ತಿದ್ದೆವು. ಮಧ್ಯಾಹ್ನ ಬುತ್ತಿ ಬಿಚ್ಚಿ ದುಂಡಗೆ ಕೂಡುತ್ತಿದ್ದೆವು. ಬ್ರಹ್ಮಪುರದಿಂದ ಬರುತ್ತಿದ್ದ ಒಬ್ಬಾಕೆ, ನನಗಿಂತ ಸಣ್ಣವಳು, ತನ್ನ ಪಕ್ಕದಲ್ಲಿ ನನಗೆ ಜಾಗ ಹಿಡಿದಿಡುತ್ತಿದ್ದಳು. ಮನೆಗೆ ಹೋದರೆ ಮಾತನಾಡಿಸುವವರಿಲ್ಲ. ದಿನಕ್ಕೆಲ್ಲ ಆ ಊಟದ ಹೊತ್ತು ಒಂದೇ ನನ್ನದು.

ದೊಡ್ಡ ಊರಿನ ವ್ಯಾಪಾರಿಗಳು ಸುರಕ್ಷತೆಯ ಸರ್ಟಿಫಿಕೇಟ್ ಇಲ್ಲದ ಮಿಲ್ಲಿನ ಬೇಳೆ ಬೇಡ ಅಂದರಂತೆ. ಸಾಹುಕಾರರು ತರಬೇತಿಗೆ ಒಬ್ಬರನ್ನು ಕರೆಸಿದರು. ನೆಲಕ್ಕೆ ಹಳದಿ ಪಟ್ಟಿ ಬಿತ್ತು, ಮಷೀನಿಗೆ ಕೆಂಪು ಗುಂಡಿ ಬಂತು. ಸೀರೆಯ ಮೇಲೆ ಕೋಟು, ತಲೆಗೆ ಟೋಪಿ. ಕೊನೆಗೆ, ಪಟ್ಟಾದ ಹತ್ತಿರ ಬಳೆ ಕೂಡದು ಅಂದರು. ರೋಲರಿಗೆ ಬಳೆ ಸಿಕ್ಕರೆ ಕೈ ಹೋಗುತ್ತದೆ, ಒಡೆದರೆ ಗಾಜು ಬೇಳೆಗೆ ಬೀಳುತ್ತದೆ. ಅವರ ಮಾತು ಸುಳ್ಳಲ್ಲ. ಹಿಂದೆ ಒಬ್ಬಾಕೆಯ ಬಳೆ ಹಾಗೆ ಸಿಕ್ಕಿ ಮಣಿಕಟ್ಟು ಹರಿದದ್ದನ್ನು ನಾವೇ ಕಂಡಿದ್ದೆವು.

ಆದರೂ ಬ್ರಹ್ಮಪುರದಾಕೆ ನಮ್ಮಿಂದ ಕೆಲಸ ಮಾಡಿಸುವ ಮುಕಾದಮನ ಮೇಲೆ ಎಗರಿದಳು. "ಗಂಡ ಇದ್ದಾಕಿ ಬಳಿ ತಗೀಬೇಕೇನ್ರೀ? ಮೊದಲ ನಿಮ್ಮ ಮನ್ಯಾಗ ತಗಸ್ರಿ!"

"ನನ್ನ ಹೇಂತಿ ಮಿಲ್ಲಿಗಿ ಬರಂಗಿಲ್ಲವ್ವಾ."

"ಬರಲಿ, ಅವಾಗ ಗೊತ್ತಾಗ್ತದ ಮುಕಾದಮ ಯಾರಂತ!"

ಎಲ್ಲರೂ ನಕ್ಕರು, ನಾನೂ ನಕ್ಕೆ. ಮುಕಾದಮನಿಗೆ ಸಿಟ್ಟು ಬಂತು. ನನ್ನ ಕಡೆ ಬೆರಳು ತೋರಿಸಿದ. "ಇಕಿ ಕೈ ನೋಡ್ರಿ. ಬಳಿ ಇಲ್ಲ, ಕಿರಿಕಿರಿ ಇಲ್ಲ. ಎಲ್ಲಾರೂ ಇಕಿನಂಗ ಇರ್ರಿ."

ಯಾರೋ ತಾಳಿ ಮುಟ್ಟಿಕೊಂಡರು. ಮುತ್ತೈದೆಯರಿಗೆ ಹೇಳುವ ಮಾತೇ ಅದು? ನನ್ನ ಕೈಗಳನ್ನು ಎಲ್ಲಿಡಬೇಕೋ ತಿಳಿಯಲಿಲ್ಲ.

ಬಳೆ ತೆಗೆಯದವರನ್ನು ಚೀಲ ಹೊಲಿಯಲು ಹೊರಗಿನ ಅಂಗಳಕ್ಕೆ ಕಳಿಸಿದರು. ಪಟ್ಟಾಕ್ಕೆ ಗಂಡಾಳುಗಳು ಬಂದರು, ಅವರ ನಡುವೆ ನಾನೊಬ್ಬಳು. ಮಧ್ಯಾಹ್ನ ಬುತ್ತಿ ಹಿಡಿದು ಅಂಗಳಕ್ಕೆ ಹೋದೆ. "ಇಕಿಯಿಂದ ನಾವು ಬಿಸಲಾಗ ಬಿದ್ದೀವಿ," ಎಂದಳು ಒಬ್ಬ ಹಿರಿಯಳು. ಬ್ರಹ್ಮಪುರದಾಕೆ ತಲೆ ತಗ್ಗಿಸಿ ರೊಟ್ಟಿ ಮುರಿಯುತ್ತಿದ್ದಳು. ನಾನು ತಿರುಗಿ ಬಂದು ಖಾಲಿ ಚೀಲಗಳ ಮೇಲೆ ಕೂತು ಉಂಡೆ. ಆಮೇಲೆ ದಿನವೂ ಅಲ್ಲೇ.

ಉಳಿದ ನಿಯಮಗಳೂ ತೋರಿಕೆಗೆ ಇದ್ದವು. ಗೇಟಿನಲ್ಲಿ ಕಾರಿನ ಸಪ್ಪಳವಾದರೆ ಗಂಡಾಳುಗಳು ಟೋಪಿ ಹಾಕುತ್ತಿದ್ದರು, ಕಾರು ಹೋದರೆ ಗೂಟಕ್ಕೆ ಸಿಕ್ಕಿಸುತ್ತಿದ್ದರು. ಓಡುವ ಪಟ್ಟಾಕ್ಕೆ ಮೊದಲಿನಂತೆಯೇ ಕೈ ಹಾಕುತ್ತಿದ್ದರು. ಪರೀಕ್ಷೆಗೆ ಬರುವವರಿಗೆ ತೋರಿಸಲು ಮುಕಾದಮ ನನ್ನನ್ನು ಮುಂದೆ ನಿಲ್ಲಿಸುತ್ತಿದ್ದ. ತೆಗೆಯಲು ನನ್ನ ಹತ್ತಿರ ಏನಿತ್ತು?

ಒಂದು ಬೆಳಿಗ್ಗೆ ಬ್ರಹ್ಮಪುರದಾಕೆ ಪಟ್ಟಾದ ಹತ್ತಿರ ಬಂದು ನಿಂತಳು. ಬಳೆ ತೆಗೆದು, ಎರಡೂ ಮಣಿಕಟ್ಟಿಗೆ ಹಸಿರು ದಾರ ಬಿಗಿದು ಸುತ್ತಿದ್ದಳು.

"ಹೊಸಾ ಬಳಿ ಇಡಸ್ಕೊಳ್ಳಾಗ ಕೈ ಬರಿದಿರಬಾರದಂತ ದಾರ ಕಟ್ಟಂಗಿಲ್ಲೇನ್ರೀ? ಹಂಗೇ ಕಟ್ಕೊ, ಸಂಜಿಗಿ ಬಳಿ ಹಾಕ್ಕೊ ಅಂದಾಳ ನಮ್ಮತ್ತಿ," ಎಂದಳು ಮುಕಾದಮನಿಗೆ.

ಅವನು ತರಬೇತಿಯವರನ್ನು ಕರೆತಂದ. ಅವರು ದಾರ ಜಗ್ಗಿ ನೋಡಿ, ಕೋಟಿನ ತೋಳಿನೊಳಗೆ ಮುಚ್ಚಿಸಿ, ಆಗಲಿ ಅಂದರು.

ಸ್ವಲ್ಪ ದಿನದಲ್ಲಿ ಎಲ್ಲ ಹೆಂಗಸರೂ ಒಳಗೆ ಬಂದರು. ದಿನವೂ ತೆಗೆದು ಹಾಕಲು ಒಂದಳತೆ ದೊಡ್ಡ ಬಳೆ ಕೊಂಡರು. ತಾವೇ ದಾರಿ ಹುಡುಕಿಕೊಂಡದ್ದಕ್ಕೋ ಏನೋ, ಉಳಿದ ನಿಯಮವನ್ನೂ ಅವರೇ ಹಿಡಿದರು. "ಏ ಅಣ್ಣಾ, ಟೋಪಿ ನಿನ್ನ ಹೇಂತಿಗಿ ಕೊಟ್ಟ ಬಂದೀ ಏನು?" ಎಂದು ಗಂಡಾಳುಗಳನ್ನು ಕಾಡುತ್ತಿದ್ದರು. ಮುಕಾದಮ ಇಲ್ಲದಾಗಲೂ ಕೆಂಪು ಗುಂಡಿ ಒತ್ತಿ, ಮಷೀನು ನಿಂತ ಮೇಲೆಯೇ ಕೈ ಹಾಕುತ್ತಿದ್ದರು. ಗಾಯ ಕಡಿಮೆಯಾಯಿತು. ಸರ್ಟಿಫಿಕೇಟ್ ಬಂದು ದೇವರ ಫೋಟೋದ ಪಕ್ಕ ಕೂತಿತು. ದೂರದ ಲಾರಿಗಳು ಬರತೊಡಗಿದವು.

ಹೆಂಗಸರೆಲ್ಲ ಒಳಗೆ ಬಂದ ಮೊದಲ ಮಧ್ಯಾಹ್ನ ನಾನು ಚೀಲದ ಮೇಲೆಯೇ ಕೂತಿದ್ದೆ. "ಅಕ್ಕಾ, ಅಲ್ಯಾಕ ಕುಂತೀ? ಬಾ ಇಲ್ಲಿ," ಎಂದು ಬ್ರಹ್ಮಪುರದಾಕೆ ಕೂಗಿದಳು. ಹಿರಿಯಳು ಸರಿದು ಜಾಗ ಕೊಟ್ಟಳು.

ಕೂತೆ. ರೊಟ್ಟಿ, ಪಲ್ಯ ಕೈಯಿಂದ ಕೈಗೆ ಬಂದವು. ಎಲ್ಲ ಕೈಗಳಲ್ಲೂ ಹಸಿರು ದಾರ. ಬಳೆಯ ನಿಯಮ ಬಂದಾಗ ಒಂದು ಗಳಿಗೆ ನನಗೆ ಅನಿಸಿತ್ತು, ಮಿಲ್ಲಿನೊಳಗಾದರೂ ಎಲ್ಲರ ಕೈ ಒಂದೇ ಥರ ಇರುತ್ತದೆ ಎಂದು. ನನಗೆ ದಾರ ಕಟ್ಟಬೇಕೆಂದು ಯಾರಿಗೂ ಹೊಳೆದಿರಲಿಲ್ಲ. ಹೊಳೆದಿದ್ದರೂ ನಾನು ಕಟ್ಟಿಸಿಕೊಳ್ಳುತ್ತಿರಲಿಲ್ಲ.

ಬರಿಯ ಮಣಿಕಟ್ಟು ಕಾಣದಂತೆ ಕೋಟಿನ ತೋಳನ್ನು ಅಂಗೈವರೆಗೆ ಎಳೆದುಕೊಂಡು ರೊಟ್ಟಿ ಮುರಿದೆ.

"ತೋಳ ಮ್ಯಾಲ ಮಾಡ್ಕೋ ಅಕ್ಕಾ, ಪಲ್ಯಾದಾಗ ಬೀಳ್ತದ," ಎಂದಳು ಆಕೆ.

ಮಡಚಿಕೊಂಡೆ.