ಮಾಲಿಂಗಪ್ಪನ ಇನ್ನೊಂಚೂರು

ನಮ್ಮ ನಾಗನೂರಿನಲ್ಲಿ ಯಾರ ಮನೆಯ ಮದುವೆಯಾದರೂ ಹುಗ್ಗಿ, ತುಪ್ಪ ಬಡಿಸುವವನು ಮಾಲಿಂಗಪ್ಪನೇ. ಸೌಟು ಕೈಗೆ ಬಂತೆಂದರೆ ಅವನಿಗೆ ಮೈಮೇಲೆ ಎಚ್ಚರ ಇರುವುದಿಲ್ಲ. ಸಾಕು ಅಂತ ತಾಟಿನ ಮೇಲೆ ಕೈ ಅಡ್ಡ ಹಿಡಿದರೆ ಬೆರಳ ಸಂದಿಯಲ್ಲೇ ಸುರಿಯುತ್ತಾನೆ. ಮೇಲೆ ಒಂದೇ ಮಾತು: "ಇನ್ನೊಂಚೂರು." ನಾನು ಅವನ ಬಾಜೂ ಮನೆಯ ರಾಜಪ್ಪ. ಆ ಇನ್ನೊಂಚೂರಿನಿಂದ ನನ್ನ ಎಷ್ಟು ಅಂಗಿಗಳಿಗೆ ತುಪ್ಪದ ಕಲೆ ಹತ್ತಿದೆ ಅಂತ ಕೇಳಬೇಡಿ, ಸಿಟ್ಟು ಬರುತ್ತದೆ.

ಕುರಿಗೆ ಮೇವು, ಕಬ್ಬಿಗೆ ನೀರು, ಚಹಾಕ್ಕೆ ಸಕ್ಕರೆ, ಎಲ್ಲದಕ್ಕೂ ಅದೇ ಕೈ. ಮಗಳು ಅನ್ನಪೂರ್ಣಾ ಸಣ್ಣವಳಿದ್ದಾಗ ಬಲಗೈಯಲ್ಲಿ ಉಣ್ಣುತ್ತ ಎಡಗೈಯನ್ನು ತಾಟಿನ ಮೇಲೆ ಅಡ್ಡ ಚಾಚಿಕೊಂಡೇ ಇರುತ್ತಿದ್ದಳು. ಇವನು ಆ ಪುಟ್ಟ ಕೈಯ ಮೇಲೂ ತುಪ್ಪ ಬಿಡುತ್ತಿದ್ದ. ಅವಳು ಅಳುತ್ತಲೇ ಕೈ ನೆಕ್ಕುತ್ತಿದ್ದಳು.

ಆ ಅನ್ನಪೂರ್ಣಾಳನ್ನು ಹುಕ್ಕೇರಿಗೆ ಕೊಟ್ಟಿದೆ. ಈಗ ಎಂಟು ತಿಂಗಳ ಬಸುರಿ. ಚೊಚ್ಚಲ ಹೆರಿಗೆ ತವರಲ್ಲೇ ಆಗಬೇಕು ಅಂತ ಮಾಲಿಂಗಪ್ಪ ತುದಿಗಾಲಲ್ಲಿ ನಿಂತಿದ್ದ. ಆದರೆ ಏಪ್ರಿಲ್ ಬಿಸಿಲು. ಅವಳ ಅತ್ತೆ ಉದ್ದವ್ವ ಫೋನಿನಲ್ಲಿ ಖಡಕ್ಕಾಗಿ ಹೇಳಿಬಿಟ್ಟಳು.

"ಬೀಗರ, ಎಸಿ ಗಾಡಿ ತಂದ್ರ ಸೊಸಿನ್ನ ಕಳಸ್ತೀನಿ. ಇಲ್ಲಂದ್ರ ಹೆರಿಗಿ ಇಲ್ಲೇ ಆಗ್ಲಿ. ಈ ಬಿಸಲಾಗ ಹೊಟ್ಟಿ ಹೊತ್ಕೊಂಡ್ ಅಕಿ ಬೇಯೂದ ಬ್ಯಾಡ."

ಅವಳ ಮಾತಲ್ಲಿ ತಪ್ಪೇನಿಲ್ಲ. ಗುರುವಾರ ಒಳ್ಳೆಯ ದಿನ. ಅದು ತಪ್ಪಿದರೆ ಅಮಾವಾಸ್ಯೆ, ಅಮಾವಾಸ್ಯೆ ದಾಟಿದರೆ ಅವಳಿಗೆ ಒಂಬತ್ತು ತಿಂಗಳು ಬೀಳುತ್ತದೆ, ಒಂಬತ್ತರಲ್ಲಿ ಕಳಿಸುವ ಪದ್ಧತಿ ಅವರಲ್ಲಿಲ್ಲ. ಮಾಲಿಂಗಪ್ಪನ ಹಳೇ ಕಾರಿಗೆ ಎಸಿ ಏನೋ ಇತ್ತು, ಬರುತ್ತಿದ್ದದ್ದು ಮಾತ್ರ ಬಿಸಿ ಗಾಳಿ.

"ಬಾಡಿಗಿ ಗಾಡಿ ತಗೊಂಡ್ ಹೋಗಪಾ" ಅಂದೆ.

"ನನ್ನ ಮಗಳನ್ನ ಕರ್ಕೊಂಡ್ ಬರಾಕ ಮಂದಿ ಗಾಡಿ ಯಾಕ?" ಅಂತ ನನ್ನ ಮೇಲೇ ಹರಿಹಾಯ್ದ.

ಅಷ್ಟರಲ್ಲಿ ಮೊಬೈಲಿನಲ್ಲಿ ಒಂದು ವಿಡಿಯೊ ಅವನ ಕಣ್ಣಿಗೆ ಬಿತ್ತು. ಯಾರೋ ಒಬ್ಬ ಮನೆಯ ಮುಂದೆಯೇ ಕಾರಿನ ಎಸಿಗೆ ಗ್ಯಾಸು ತುಂಬಿಕೊಳ್ಳುತ್ತಾನೆ. ಒಂದು ಟಿನ್ನು ಸಾಕು ಅಂತ ಅವನು ಹೇಳಿದ. ಇವನು ಎರಡು ತರಿಸಿದ.

ಬುಧವಾರ ಮುಂಜಾನೆ ಬೇವಿನ ಮರದ ನೆರಳಲ್ಲಿ ಕಾರು ನಿಲ್ಲಿಸಿ ಬಾನೆಟ್ ಎತ್ತಿದ. ಅವನ ಹೆಂಡತಿ ಯಲ್ಲಕ್ಕ ಕಾರಿನೊಳಗೆ ಕೂತಳು. ಎಂಜಿನ್ ಚಾಲೂ, ಎಸಿ ಪೂರ್ತಿ. ಗಾಳಿ ಬರುವ ಜಾಳಿಗೆಯ ಮುಂದೆ ಕೈ ಹಿಡಿದು ವರದಿ ಕೊಡುವುದು ಅವಳ ಕೆಲಸ. ವಿಡಿಯೊ ನೋಡಿ ಹೇಳುವುದು ನನ್ನ ಕೆಲಸ. ಗ್ಯಾಸು ಕೈಗೆ ತಾಗಿದರೆ ಚರ್ಮ ಸುಡುವಷ್ಟು ಥಂಡಿ ಅಂತ ವಿಡಿಯೊದವನು ಹೇಳಿದ್ದರಿಂದ ಮಾಲಿಂಗಪ್ಪ ದಪ್ಪ ಕೈಗವಸು ಹಾಕಿ, ಮಗಳ ಮದುವೆಯಲ್ಲಿ ತೊಟ್ಟ ಕರಿ ಚಷ್ಮಾ ಏರಿಸಿ ಬಂದ. ನಗು ಬಂತು, ನುಂಗಿಕೊಂಡೆ.

ಟಿನ್ನಿಗೊಂದು ಪೈಪು, ಪೈಪಿಗೊಂದು ಸಣ್ಣ ಗಡಿಯಾರದಂಥ ಮೀಟರು. ಮುಳ್ಳು ಹಸಿರು ಪಟ್ಟಿಗೆ ಬಂದರೆ ಸಾಕು, ಕೆಂಪಿಗೆ ಹೋದರೆ ಹೆಚ್ಚಾಯಿತು ಅಂತ ಲೆಕ್ಕ. ಪೈಪು ಸಿಕ್ಕಿಸಿ ಟಿನ್ನು ಒತ್ತಿದ. ಮುಳ್ಳು ನಿಧಾನಕ್ಕೆ ಏರಿ ಹಸಿರಿಗೆ ಬಂತು.

"ಥಂಡಿ ಬಂತ್ರಿ" ಅಂದಳು ಯಲ್ಲಕ್ಕ.

"ಸಾಕ್ ಬಿಡಪಾ, ಹಸರಿಗೆ ಬಂತು" ಅಂದೆ ನಾನು.

ಮಾಲಿಂಗಪ್ಪ ಟಿನ್ನನ್ನು ಕಿವಿಯ ಹತ್ತಿರ ಅಲ್ಲಾಡಿಸಿ ನೋಡಿದ. ಒಳಗೆ ಇನ್ನೂ ಇತ್ತು. ಏನಂದಿರಬೇಕು ಅಂತ ನಿಮಗೆ ಗೊತ್ತು.

"ಅಲ್ಲೋ ಮಾರಾಯ, ವಿಡಿಯೊದಾವ ಸಾಕ ಅಂದಾನ."

"ಅವ ಏನ್ ಮಗಳನ್ನ ಕರ್ಯಾಕ ಹೊಂಟಾನೇನ?"

ಮೊದಲ ಟಿನ್ನು ಮುಗಿಯಿತು, ಎರಡನೆಯದು ಹತ್ತಿತು. ಮುಳ್ಳು ಹಸಿರು ದಾಟಿ ಕೆಂಪಿಗೆ ಹೋಯಿತು. ಬಾನೆಟ್ಟಿನೊಳಗೆ ಏನೋ ಟಕ್ ಟಕ್ ಅಂದು ನಿಂತಿತು. "ಬಿಸಿ ಬರಾಕತ್ತೈತ್ರಿ" ಅಂತ ಯಲ್ಲಕ್ಕ ಕೂಗಿದರೆ, ಈ ಪುಣ್ಯಾತ್ಮ ಗ್ಯಾಸು ಕಡಿಮೆ ಬಿತ್ತೆಂದು ತಿಳಿದು ಮತ್ತೆ ಒತ್ತಲು ಹೋದ. ನನಗೆ ತಡೆಯಲಾಗಲಿಲ್ಲ. ಎಂಜಿನ್ ಬಂದ್ ಮಾಡಿಸಿ ಟಿನ್ನು ಕಸಿದುಕೊಂಡೆ.

ಅವನು ಚಷ್ಮಾ ತೆಗೆದು ಕಟ್ಟೆಯ ಮೇಲೆ ಕುಸಿದ.

"ನಾಳಿ ಕೂಸು ದಾರಿ ನೋಡ್ಕೊಂತ ಕುಂತಿರ್ತೈತಿ. ಏನಂತ ಹೇಳ್ಲಿ?" ಅಂದ.

ಬೈಯಬೇಕೆಂದು ಬಾಯಿಗೆ ಬಂದದ್ದೆಲ್ಲ ಹಿಂದೆ ಹೋಯಿತು. ಪಾಪ ಅನಿಸಿತು. ಆದರೆ ಯಲ್ಲಕ್ಕ ಬಿಡಬೇಕಲ್ಲ.

"ಪಂಗ್ತ್ಯಾಗ ಮಂದಿ ಕೈ ಅಡ್ಡ ಹಿಡದ್ರೂ ನೀವ್ ಕೇಳಂಗಿಲ್ಲ. ಈ ಗಾಡಿಗೆ ಕೈನೂ ಇಲ್ಲ" ಅಂದಳು.

ಕಿಟಕಿ ಎಲ್ಲ ಇಳಿಸಿಕೊಂಡು ಮೂವರೂ ಮೂಡಲಗಿಗೆ ಹೋದೆವು. ಅಲ್ಲಿ ಶ್ರೀಶೈಲ ಅಂತ ಎಸಿ ರಿಪೇರಿ ಹುಡುಗನ ಅಂಗಡಿ ಇದೆ. ಮುಂದೆ ನಾಲ್ಕು ಗಾಡಿ ಇದ್ದವು. ಮಗಳ ವಿಷಯ ಕೇಳಿದ್ದೇ ಆ ಗಾಡಿಗಳವರೇ ಜಾಗ ಬಿಟ್ಟರು. ಶ್ರೀಶೈಲ ಮಷೀನು ಹಚ್ಚಿ ಗ್ಯಾಸನ್ನೆಲ್ಲ ಎಳೆದುಕೊಂಡ. ಪೈಪಿನ ಸಂದಿಯಲ್ಲಿ ರಬ್ಬರು ಸವೆದು ಮೊದಲು ಗ್ಯಾಸು ಸೋರಿದ್ದು ಅಲ್ಲೇ ಎಂದು ಹೊಸದು ಹಾಕಿದ. ಆಮೇಲೆ ತೂಕ ಇಟ್ಟು ಗ್ಯಾಸು ಬಿಟ್ಟ.

"ಇದನ್ನ ತೂಗಿ ಹಾಕ್ತಾರೇನಪಾ?" ಮಾಲಿಂಗಪ್ಪನಿಗೆ ನಂಬಿಕೆಯೇ ಬರಲಿಲ್ಲ.

"ಹೂನ್ರಿ ಕಾಕಾ. ಕಮ್ಮಿ ಆದ್ರೂ ಬಿಸಿ, ಹೆಚ್ಚ ಆದ್ರೂ ಬಿಸಿ."

ಮಷೀನು ತಾನಾಗಿ ನಿಂತಿತು. ಮಾಲಿಂಗಪ್ಪ ಬಾಯಿ ತೆರೆದ. ಯಲ್ಲಕ್ಕ ಕೆಮ್ಮಿದಳು. ಬಾಯಿ ಮುಚ್ಚಿದ.

ಗುರುವಾರ ಮೂವರೂ ಹುಕ್ಕೇರಿಗೆ ಹೋದಾಗ, ಎಸಿ ಸರಿಯಾಗಿದೆ ಅಂದರೂ ಉದ್ದವ್ವ ನಂಬಲಿಲ್ಲ. ತಾನೇ ಕಾರು ಹತ್ತಿ ಬಾಗಿಲು ಹಾಕಿಕೊಂಡಳು. ಹೊರಗೆ ನಾವು ಬಿಸಿಲಲ್ಲಿ ನಿಂತೆವು. ಎಷ್ಟು ಹೊತ್ತಾದರೂ ಇಳಿಯಲಿಲ್ಲ. ಮಾಲಿಂಗಪ್ಪನ ಮುಖ ಸಣ್ಣದಾಯಿತು. ಕೊನೆಗೆ ನಾನೇ ಗಾಜು ಬಡಿದೆ.

"ಥಂಡಿ ಇಲ್ಲೇನ್ರಿ?"

ಗಾಜು ಒಂದು ಬೆರಳಷ್ಟು ಇಳಿಯಿತು. "ಇರ್ರಿ, ಈಗರೆ ಕುಂತೇನಿ. ಅಕಿ ಚೀಲ ತುಂಬ್ಕೊಳ್ಳಿ ತಡೀರಿ."

ಹಿಂದೆ ಬರುವಾಗ ಅನ್ನಪೂರ್ಣಾಳನ್ನು ಮುಂದಿನ ಸೀಟಿನಲ್ಲಿ ಕೂಡಿಸಿ, ಯಲ್ಲಕ್ಕ ಮತ್ತು ನಾನು ಹಿಂದೆ ಕೂತೆವು. ಮಾಲಿಂಗಪ್ಪ ಎಸಿಯನ್ನು ಕೊನೆಯ ನಂಬರಿಗೆ ತಿರುವಿದ್ದ. ಗೋಕಾಕ ದಾಟುವ ಹೊತ್ತಿಗೆ ಯಲ್ಲಕ್ಕ ಸೆರಗು ಹೊದ್ದಳು, ನಾನು ಟವೆಲ್ಲನ್ನು ಕಿವಿಗೆ ಸುತ್ತಿಕೊಂಡೆ. ಅವನಿಗೆ ಹೇಳಿ ಪ್ರಯೋಜನವಿಲ್ಲ.

ಅನ್ನಪೂರ್ಣಾ ಬೆರಳು ಅಗಲಿಸಿ ಎಡಗೈಯನ್ನು ಜಾಳಿಗೆಗೆ ಅಡ್ಡ ಹಿಡಿದಳು. ಅದೇ ಕೈ, ಈಗ ಅದರ ತುಂಬ ಹಸಿರು ಬಳೆ.

ಮಾಲಿಂಗಪ್ಪ ಆ ಕೈಯನ್ನು ನೋಡಿದ. ಗಾಡಿ ನಿಧಾನ ಮಾಡಿದ. ಕೈ ಮುಂದೆ ಮಾಡಿ ಗುಂಡಿ ತಿರುವಿದ, ಹಿಂದಕ್ಕೆ.

"ಇನ್ನೊಂಚೂರು ಕಮ್ಮಿ ಮಾಡ್ಲೇನವಾ?" ಅಂದ.