ಸೋರದ ತೊಟ್ಟಿಯ ಮಧುಮಾಲತಿ

ಮೊನ್ನೆ ಸಂಜೆ ಪವಾಯಿಯ ಒಂದು ಬಿಲ್ಡಿಂಗಿನ ಗೇಟಿನಲ್ಲಿ ನಿಂತು ವಾಚ್‌ಮನ್ನನ ರಿಜಿಸ್ಟರಿನಲ್ಲಿ ಹೆಸರು ಬರೆಯುತ್ತಿದ್ದೆ. ಹದಿನಾಲ್ಕನೇ ಮಾಳಿಗೆಯ ಬಾತ್‌ರೂಮು ಸೋರುತ್ತದೆಂದು ಕರೆದಿದ್ದರು. ಅಷ್ಟರಲ್ಲಿ ಕಂಪೌಂಡಿನ ಮೇಲಿಂದ ಮಧುಮಾಲತಿಯ ಘಮ ಬಂತು ನೋಡಿ, ಹೆಸರಿನ ಅರ್ಧಕ್ಕೇ ಪೆನ್ನು ನಿಂತಿತು. "ಕ್ಯಾ ಕಾಕಾ, ಅಪನಾ ನಾಮ್ ಭೂಲ್ ಗಯೇ?" ಎಂದು ವಾಚ್‌ಮನ್ ನಕ್ಕ. ಹೆಸರೇನೋ ನೆನಪಿತ್ತು. ಮರೆತದ್ದು ಬಾತ್‌ರೂಮನ್ನು.

ಮಧುಮಾಲತಿ ನಿಮಗೂ ಗೊತ್ತಿರುತ್ತದೆ. ಕೆಲವರು ರಂಗೂನ್ ಮಲ್ಲಿಗೆ ಎನ್ನುತ್ತಾರೆ. ಸಂಜೆ ಬೆಳ್ಳಗೆ ಅರಳಿ, ಮರುದಿನ ಗುಲಾಬಿಯಾಗಿ, ಅದರ ಮರುದಿನ ಕೆಂಪಾಗುವ ಹೂವು. ಒಂದೇ ಗೊಂಚಲಿನಲ್ಲಿ ಮೂರೂ ಬಣ್ಣ ತೂಗುತ್ತಿರುತ್ತವೆ. ಮುಂಬೈಯಲ್ಲಿ ಇದು ಹಬ್ಬಿಕೊಳ್ಳದ ಜಾಗವಿಲ್ಲ. ಗಟಾರದ ಅಂಚು, ರೈಲ್ವೆಯ ಗೋಡೆ, ಅಂಗಡಿಯ ತಗಡು, ಎಲ್ಲವೂ ನಡೆಯುತ್ತದೆ. ಕಡಿದರೆ ಇನ್ನೂ ಜೋರಾಗಿ ಚಿಗುರುತ್ತದೆ. ಇಂಥ ಬಳ್ಳಿಯನ್ನು ಕೊಲ್ಲಲು ವಿಶೇಷ ಬುದ್ಧಿವಂತಿಕೆ ಬೇಕು. ಅದು ನನ್ನಲ್ಲಿ ಇತ್ತು.

ನಾನು ಗೌಂಡಿ, ಗಾರೆ ಕೆಲಸದವನು. ಐದನೇ ಇಯತ್ತೆಗೆ ಶಾಲೆ ಬಿಟ್ಟು ಇಂಡಿ ಕಡೆಯಿಂದ ಈ ಊರಿಗೆ ಬಂದವನು. ಮೊದಲು ತಲೆಯ ಮೇಲೆ ಬುಟ್ಟಿ, ಆಮೇಲೆ ಕೈಯಲ್ಲಿ ಕರಣಿ, ಕಡೆಗೆ ವಾಟರ್‌ಪ್ರೂಫಿಂಗ್ ಕೆಲಸ ಕೈಹಿಡಿಯಿತು. ನಾನು ಮುಗಿಸಿದ ಟೆರೇಸಿನ ಕೆಳಗೆ ಮಲಗಿದವರ ಮೇಲೆ ಒಂದು ಹನಿ ಬಿದ್ದಿಲ್ಲ. ಈ ಮಾತನ್ನು ದಿನಕ್ಕೊಮ್ಮೆಯಾದರೂ ಯಾರಿಗಾದರೂ ಹೇಳದಿದ್ದರೆ ನನಗೆ ಊಟ ಸೇರುವುದಿಲ್ಲ. ಇವತ್ತು ನೀವು ಸಿಕ್ಕಿರಿ.

ಮದುವೆಯಾಗಿ ಶಾಂತಾಳನ್ನು ಭಾಂಡುಪಿನ ಚಾಳಿನ ಒಂದು ಕೋಣೆಗೆ ಕರೆತಂದ ವರ್ಷದ ಮಾತು. ಅವಳ ತವರಿನಲ್ಲಿ ಬಾಗಿಲು ತೆರೆದರೆ ಜೋಳದ ಹೊಲ. ಇಲ್ಲಿ ಬಾಗಿಲು ತೆರೆದರೆ ಎರಡು ಮಾರು ಆಚೆ ಎದುರು ಮನೆಯ ಗೋಡೆ. ಎರಡು ತಿಂಗಳು ಸುಮ್ಮನಿದ್ದು ಒಂದು ದಿನ ರೊಟ್ಟಿ ಬಡಿಯುತ್ತಲೇ ಹೇಳಿದಳು: "ಕಣ್ಣ ತೆರದ್ರ ಸಿಮೆಂಟ, ಮುಚ್ಚಿದ್ರ ಗಟಾರದ ವಾಸನಿ. ನಾ ಇಲ್ಲಿ ಇರಂಗಿಲ್ಲರೀ. ಪಂಚಮಿಗೆ ಅಣ್ಣ ಕರಿಯಾಕ ಬರ್ತಾನ. ಹೋದ್ರ, ಟ್ರಂಕ್ ಒಯ್ಯಾಕಷ್ಟ ತಿರುಗಿ ಬರಾಕಿ."

ನಾಗರಪಂಚಮಿಗೆ ಅಣ್ಣತಮ್ಮಂದಿರು ಬಂದು ಹೆಣ್ಣುಮಕ್ಕಳನ್ನು ತವರಿಗೆ ಕರೆದೊಯ್ಯುವುದು ನಮ್ಮ ಕಡೆಯ ಪದ್ಧತಿ. ಜೋಕಾಲಿ ಆಡಿ, ಉಂಡಿ ತಿಂದು, ವಾರ ಹದಿನೈದು ದಿನಕ್ಕೆ ಮರಳುತ್ತಾರೆ. ಮರಳದಿದ್ದರೆ ಆ ಗಂಡನ ಮುಖ ಹೇಗಿರುತ್ತದೆಂದು ಊರಿನಲ್ಲಿ ನೋಡಿದ್ದೆ. "ಪಂಚಮಿಯೊಳಗ ನಿನ್ನ ಕಿಟಕಿಗೆ ಹಸರ ಹಬ್ಬಸ್ತೀನಿ" ಎಂದೆ. ಮಾತಿಗೆ ನನ್ನಲ್ಲಿ ಯಾವತ್ತೂ ಕೊರತೆ ಇರಲಿಲ್ಲ.

ಮೂರು ಮನೆ ಆಚೆ ಕುಸುಮಕ್ಕ ಇದ್ದರು. ಉಡುಪಿ ಕಡೆಯವರು, ಹೋಟೆಲ್ ಕೆಲಸದವರಿಗೆ ಊಟ ಹಾಕುತ್ತಿದ್ದರು. ಅವರ ಮಾಡಿನ ಮೇಲೆ ಮಧುಮಾಲತಿ ಹಾಸಿಗೆಯಂತೆ ಬಿದ್ದಿತ್ತು. ಬೇರು ಬಿಟ್ಟ ಒಂದು ಕಡ್ಡಿ ಕಿತ್ತುಕೊಟ್ಟು, "ಇದು ಕೊಂದರೂ ಸಾಯುವ ಜಾತಿ ಅಲ್ಲ ಮಾರಾಯ್ರೆ, ಹೆದರಬೇಡಿ" ಎಂದರು.

ಗಲ್ಲಿಗೆಲ್ಲ ಕಾಂಕ್ರೀಟು. ಮಣ್ಣಿಗೆ ಜಾಗ ಬೇಕಲ್ಲ? ಕಿಟಕಿಯ ಕೆಳಗೆ ಇಟ್ಟಿಗೆಯ ತೊಟ್ಟಿ ಕಟ್ಟಿದೆ. ಒಳಗೆ ಹೊರಗೆ ಗಿಲಾವು, ಮೂಲೆ ಮೂಲೆಗೆ ಗುಂಡಾಗಿ ಸಿಮೆಂಟು, ಮೇಲೆ ವಾಟರ್‌ಪ್ರೂಫ್ ಪುಡಿಯ ಎರಡು ಕೈ. ಆಮೇಲೆ, ನಗಬೇಡಿ, ಟೆರೇಸಿಗೆ ಮಾಡುವಂತೆ ನೀರು ತುಂಬಿಸಿ ಮೂರು ದಿನ ಪರೀಕ್ಷೆ ಮಾಡಿದೆ. ಒಂದು ಬೆರಳಿನಷ್ಟೂ ಇಳಿಯಲಿಲ್ಲ. ಗಲ್ಲಿಯವರನ್ನು ಕರೆಕರೆದು ಒಣ ಗೋಡೆ ಮುಟ್ಟಿಸಿದೆ.

ಕುಸುಮಕ್ಕ ಮುಟ್ಟಲಿಲ್ಲ. ಬಗ್ಗಿ ನೋಡಿ, "ನೀರು ಹೋಗ್ಲಿಕ್ಕೆ ದಾರಿ ಎಲ್ಲಿ ಉಂಟು?" ಎಂದರು.

"ನಾ ಕಟ್ಟಿದ್ರಾಗಿಂದ ನೀರ ಹೊರಗ ಹೋಗಂಗಿಲ್ರಿ ಅಕ್ಕಾರ."

"ಅದೇ ಹೇಳಿದ್ದು" ಎಂದು ಅವರು ಹೊರಟುಹೋದರು.

ಮಣ್ಣು ತುಂಬಿ ಬಳ್ಳಿ ನೆಟ್ಟೆವು. ಮೊದಮೊದಲು ಹಗ್ಗ ಹಿಡಿದು ಕಿಟಕಿಯ ಸರಳಿಗೆ ಬಂತು. ಶಾಂತಾ ಬೆಳಗಾದರೆ ಎಷ್ಟು ಎಲೆ ಎಂದು ಎಣಿಸುತ್ತಿದ್ದಳು. ಆಮೇಲೆ ಮಳೆ ಹಿಡಿಯಿತು. ಮುಂಬೈಯ ಆಷಾಢ ನಿಮಗೆ ಹೇಳಬೇಕೆ? ತೊಟ್ಟಿಯಲ್ಲಿ ಮಣ್ಣು ಅಂಬಲಿಯಾಯಿತು. ಎಲೆ ಹಳದಿಯಾಗಿ ಒಂದೊಂದೇ ಉದುರತೊಡಗಿತು. "ಗೊಬ್ಬರ ಕಡಿಮಿ ಆಗೇದ" ಎಂದು ತಬೇಲಾದಿಂದ ಸಗಣಿ ತಂದು ಸುರಿದೆ. ಗಟಾರದ ವಾಸನೆಗೆ ಜೊತೆ ಸಿಕ್ಕಿತು.

"ಒಂದ ತೂತ ಹಾಕ್ರೀ" ಎಂದಳು ಶಾಂತಾ.

"ನನ್ನ ಬಾಗಲಾಗಿನ ತೊಟ್ಟಿ ಸೋರಿದ್ರ ನಾಳಿ ನನಗ್ಯಾರು ಕೆಲಸಾ ಕೊಡ್ತಾರ?"

ಅವಳು ಮತ್ತೆ ಕೇಳಲಿಲ್ಲ. ಪಂಚಮಿಗೆ ನಾಲ್ಕು ದಿನ ಇರುವಾಗ ಅವಳ ಅಣ್ಣ ಮಲ್ಲಪ್ಪ ಬಂದ. ಚಪ್ಪಲಿ ಬಿಡುವ ಮೊದಲೇ ತೊಟ್ಟಿ ನೋಡಿ, "ಮಾಮಾ, ಇದನ್ನ ಗಿಡಾ ಹಚ್ಚಾಕ ಕಟ್ಟೀರೋ, ಎಮ್ಮಿಗೆ ನೀರ ಕುಡಸಾಕ ಕಟ್ಟೀರೋ?" ಎಂದ. ಗಲ್ಲಿಯೆಲ್ಲ ನಕ್ಕಿತು.

ಮರುದಿನ ಕೆಲಸದಿಂದ ಬಂದಾಗ ಗಲ್ಲಿಯ ತುಂಬ ಕಪ್ಪು ನೀರು ಹರಿಯುತ್ತಿತ್ತು. ತೊಟ್ಟಿಯ ಬುಡದಲ್ಲಿ ಮುಷ್ಟಿಯಷ್ಟು ತೂತು. ಶಾಂತಾಳ ಕೈಯಲ್ಲಿ ನನ್ನದೇ ಛೀಣಿ, ನನ್ನದೇ ಸುತ್ತಿಗೆ. ನಾನು ಬೈಯಲಿಲ್ಲ, ಮಾತನ್ನೇ ಬಿಟ್ಟೆ. ಬೈದಿದ್ದರೆ ವಾಸಿಯಿತ್ತು. ಬೆಳಿಗ್ಗೆ ಅವಳು ಅಣ್ಣನ ಹಿಂದೆ ಹೊರಟಾಗಲೂ "ಹೋಗಿ ಬಾ" ಎನ್ನಲಿಲ್ಲ.

ಅವರು ಗಲ್ಲಿಯ ತಿರುವು ದಾಟಿದ ಕೂಡಲೇ ಸಿಮೆಂಟು ಕಲಸಿದೆ. ತೂತಿನ ಮುಂದೆ ಕುಕ್ಕರಗಾಲಿನಲ್ಲಿ ಕೂತೆ. ಒಳಗಿಂದ ಇನ್ನೂ ಹನಿ ಬರುತ್ತಿತ್ತು. ನಿಲ್ಲಲಿ ಎಂದು ಕಾದೆ. ನಿಂತಿತು. ಕರಣಿ ಎತ್ತಿದೆ, ಇಳಿಸಿದೆ. ಅವಳು ಹೊಡೆದ ಗುರುತು ಅಡ್ಡಾದಿಡ್ಡಿಯಾಗಿತ್ತು. ಛೀಣಿ ಹಿಡಿದು ಗೊತ್ತಿಲ್ಲದವಳು ಎಷ್ಟು ಹೊತ್ತು ಹೊಡೆದಳೋ. ಕಲಸಿದ ಸಿಮೆಂಟು ಕಣ್ಣೆದುರೇ ಗಟ್ಟಿಯಾಯಿತು. ಗೌಂಡಿಗೆ ಅದಕ್ಕಿಂತ ನಾಚಿಕೆಯ ಸಂಗತಿ ಇಲ್ಲ. ತೂತನ್ನು ಹಾಗೇ ಬಿಟ್ಟು ಕೆಲಸಕ್ಕೆ ಹೋದೆ.

ಹದಿನೈದನೇ ದಿನ ಅಣ್ಣ ತಂಗಿ ಬಂದರು. ಅಷ್ಟರಲ್ಲಿ ಬೋಳು ಬಳ್ಳಿಯಲ್ಲಿ ಎರಡು ಚಿಗುರು ಒಡೆದಿದ್ದವು. ಶಾಂತಾ ತೊಟ್ಟಿಯ ಹತ್ತಿರ ಬಗ್ಗಿದಳು, ನೋಡಿದಳು, ಒಳಗೆ ಹೋಗಿ ಸ್ಟೋವ್ ಹಚ್ಚಿದಳು. ಮಲ್ಲಪ್ಪ ಚಹಾ ಕುಡಿದು ಒಬ್ಬನೇ ಮರಳಿದ. ಮರುವರ್ಷ ಬಳ್ಳಿ ತಗಡಿನ ಮೇಲೆ ಹಬ್ಬಿ ಗೊಂಚಲು ಗೊಂಚಲಾಗಿ ಸುರಿಯಿತು. "ಹೆಂಡತಿಯನ್ನು ಬಳ್ಳಿಯಿಂದ ಕಟ್ಟಿಹಾಕಿದೆ" ಎಂದು ನಾನು ಕಂಡಕಂಡವರಿಗೆ ಹೇಳಿಕೊಂಡು ತಿರುಗಿದೆ. ಮಕ್ಕಳ ಮದುವೆಯಲ್ಲೂ ಹೇಳಿದೆ.

ಮೊನ್ನೆ ಪವಾಯಿಯಿಂದ ಮನೆಗೆ ಬಂದಾಗ ಅವಳು ಮೆಂತ್ಯೆ ಸೊಪ್ಪು ಬಿಡಿಸುತ್ತ ಕೂತಿದ್ದಳು. ಗೇಟಿನ ಘಮದ ಸುದ್ದಿ ಹೇಳಿ, "ಆ ಎರಡ ಚಿಗರ ನಿನ್ನ ಹಿಡದ ನಿಲ್ಲಿಸಿದ್ವು ನೋಡು" ಎಂದೆ.

"ಯಾವ ಚಿಗರ? ನಾ ನೋಡೇ ಇಲ್ಲ."

"ಮತ್ತ ಬಗ್ಗಿ ನೋಡಿದ್ದೇನ?"

"ತೂತ" ಎಂದಳು, ಸೊಪ್ಪಿನಿಂದ ತಲೆ ಎತ್ತದೆ. "ಮುಚ್ಚಿರ್ತೀರಿ ಅಂತ ಖಾತ್ರಿ ಇತ್ತು ನನಗ. ಮುಚ್ಚಿದ್ರ ಟ್ರಂಕ್ ತಗೊಂಡು ಅಣ್ಣನ ಕೂಡ ಹೋಗಾಕಿ ಇದ್ದೆ."

ನಾನು ಗೋಡೆಗೆ ಒರಗಿದೆ. ಇಷ್ಟು ವರ್ಷ ಊರಿಗೆಲ್ಲ ಹೇಳಿದ ಕಥೆಯಲ್ಲಿ ನನಗೆ ಗೊತ್ತಿದ್ದದ್ದು ಬಳ್ಳಿಯೊಂದೇ. "ನೀ ತೂತ ಹಾಕಿದ್ದು ಚಲೋ ಆತು. ನಂದ ತಪ್ಪಾಗಿತ್ತು" ಎಂದೆ. ಬಾಯಿಗೆ ರೂಢಿಯಿಲ್ಲದ ಮಾತು.

ಅವಳು ಈಗ ತಲೆ ಎತ್ತಿದಳು. ಕಣ್ಣಿಗೆ ಕಣ್ಣಿಟ್ಟು ನೋಡಿ, ಅರ್ಧ ಸೊಪ್ಪನ್ನು ನನ್ನ ಕಡೆ ಸರಿಸಿದಳು. "ಹಂಗಂದ್ರ ಬರ್ರಿ, ಕೂಡ್ರಿ. ಎಲಿ ಅಷ್ಟ ಬಿಡಸ್ರಿ, ಕಡ್ಡಿ ಬ್ಯಾಡ."