ಗೋಪುರ ಮುಗಿದ ಮೇಲೆ

ಬಸಲಿಂಗಪ್ಪನಿಗೆ ಕಥೆ ಹೇಳುವ ಚಟ. ವಾರವಿಡೀ ಸಮುದ್ರದಾಚೆಯ ಪರದೇಶದ ದ್ವೀಪದಲ್ಲಿ, ಟುವಾಸ್‌ನ ಕೆಮಿಕಲ್ ಫ್ಯಾಕ್ಟರಿಯಲ್ಲಿ ಪಂಪು, ವಾಲ್ವುಗಳ ಜೊತೆ ಗುದ್ದಾಡುವ ಈ ಗದಗಿನ ಮನುಷ್ಯ, ಭಾನುವಾರ ಬಂತೆಂದರೆ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಫೋರ್ಟ್ ಕ್ಯಾನಿಂಗ್ ಗುಡ್ಡ ಹತ್ತುತ್ತಿದ್ದ. ಅಲ್ಲಿ ಹಿಂದೆ ಕ್ರಿಶ್ಚಿಯನ್ನರ ಸ್ಮಶಾನವಿತ್ತು. ಈಗ ಬರೀ ಹುಲ್ಲುಹಾಸು. ಗೋರಿಗಳ ಕಲ್ಲುಗಳನ್ನು ಮಾತ್ರ ಕಿತ್ತು ತಂದು ಇಟ್ಟಿಗೆ ಗೋಡೆಯಲ್ಲಿ ಕೂರಿಸಿದ್ದಾರೆ. ಹತ್ತಾರು ಕನ್ನಡದವರನ್ನು ಕಟ್ಟಿಕೊಂಡು ಆ ಗೋಡೆಯ ಮುಂದೆ ನಿಂತನೆಂದರೆ ಅವನಿಗೆ ಹಸಿವು ನೀರಡಿಕೆಯ ಪರಿವೆಯೇ ಇರುತ್ತಿರಲಿಲ್ಲ.

ಅವನ ಮೆಚ್ಚಿನ ಕಲ್ಲು ಪಾದ್ರಿ ವಿಟ್‌ಕಾಂಬ್‌ನದು. ಲೈಬ್ರರಿಯಲ್ಲಿ ಹಳೆಯ ಪತ್ರಿಕೆಗಳನ್ನು ಜಾಲಾಡಿ ಆ ಪಾದ್ರಿಯ ಸಂಸಾರದ ಕಥೆಯನ್ನೆಲ್ಲ ಕಲೆಹಾಕಿದ್ದ. ಕಂಪನಿ ಸರ್ಕಾರದ ಕಾಲ. ಬಳ್ಳಾರಿಯ ದಂಡಿನಲ್ಲಿ ಸೋಲ್ಜರುಗಳಿಗೆ ಪ್ರಾರ್ಥನೆ ಹೇಳಿಕೊಂಡಿದ್ದವನು ಹೆಂಡತಿ ಹ್ಯಾರಿಯೆಟ್, ಮೂರು ಮಕ್ಕಳ ಸಮೇತ ಹಡಗು ಹತ್ತಿ ಈ ದ್ವೀಪಕ್ಕೆ ಬಂದ. ಬಂದು ನೋಡಿದರೆ ಚರ್ಚಿದೆ, ಗೋಪುರವಿಲ್ಲ. ಗೋಪುರವಿಲ್ಲದ ಚರ್ಚು ಗೋದಾಮಿನ ಹಾಗೆ ಕಾಣುತ್ತದೆಂದು ಅವನಿಗೆ ತಲೆಬಿಸಿ. ಚಂದಾ ಎತ್ತಿದ, ಇಟ್ಟಿಗೆ ಸುಡಿಸಿದ, ಬೆಳಗಿನಿಂದ ಬೈಗಿನವರೆಗೆ ಕಟ್ಟುವವರ ಬೆನ್ನಿಗೇ ನಿಂತ. ಮನೆ ಇದ್ದದ್ದು ಜೌಗಿನ ಪಕ್ಕ. ದೊಡ್ಡ ಮಗಳಿಗೆ ಜ್ವರ ಬಂದಾಗ ಹ್ಯಾರಿಯೆಟ್ ಅಂಗಲಾಚಿದಳು, ಮಕ್ಕಳನ್ನು ಕರೆದುಕೊಂಡು ಊರಿಗೆ ಹೋಗೋಣ ಅಂತ. ಗೋಪುರ ಮುಗಿಯಲಿ ಅಂದ. ಹುಡುಗಿ ಹೋದಳು. ಅಪ್ಪನೇ ಪ್ರಾರ್ಥನೆ ಓದಿ ಮಣ್ಣು ಮಾಡಿದ. ಮತ್ತೊಂದು ಹಡಗು ಬಂತು, ಅವಳು ಮತ್ತೆ ಕೇಳಿದಳು, ಅವನು ಅದೇ ಮಾತು ಹೇಳಿದ. ನಡುವಿನ ಹುಡುಗನೂ ಹೋದ. ಕೊನೆಗೊಮ್ಮೆ ಗೋಪುರ ಮುಗಿದು ಗಂಟೆ ಏರಿಸಿದರು. ಆ ಗಂಟೆ ಮೊದಲು ಬಾರಿಸಿದ್ದು ಉಳಿದಿದ್ದ ಒಂದು ಕೂಸಿನ ಮಣ್ಣಿಗೆ.

ಇಲ್ಲಿಗೆ ಬಂದು ಬಸಲಿಂಗಪ್ಪ ಬೇಕೆಂದೇ ತುಸು ಸುಮ್ಮನಾಗುತ್ತಿದ್ದ. ಹೆಂಗಸರು ಕಣ್ಣೊರೆಸಿಕೊಳ್ಳುತ್ತಿದ್ದರು. "ಎಂಥಾ ಫೇತ್ ನೋಡಿ! ಅಷ್ಟೆಲ್ಲಾ ಆದ್ರೂ ಕೆಲಸ ಬಿಡಲಿಲ್ಲ" ಎಂದು ಮುಗಿಸುತ್ತಿದ್ದ. ಕಥೆ ಚೆನ್ನಾಗಿ ನಾಟಿತೆಂಬ ಖುಷಿಗೆ ಎಲ್ಲರಿಗೂ ಹಾಕರ್ ಸೆಂಟರಿನ ತಿಂಡಿ ಅಂಗಡಿಯಲ್ಲಿ ಅವನದೇ ಟೀ.

ಬೂನ್ ಲೇಯ ಅವನ ಫ್ಲ್ಯಾಟಿನಲ್ಲಿ ಮಾತ್ರ ಬೇರೆಯೇ ಮಾತು ನಡೆದಿತ್ತು. ತಾಯಿ ಈರವ್ವನ ಎದೆ ಸೋಲುತ್ತಿತ್ತು. ಕಾಲು ಬಾತಿದ್ದವು. ಈಗಾದರೆ ವಿಮಾನ ಹತ್ತಬಹುದು, ಮುಂದಿನದು ಹೇಳಲಾಗದು ಎಂದಿದ್ದರು ಡಾಕ್ಟರು. ಅವಳಿಗೆ ಸಾವಿನ ಭಯವಿರಲಿಲ್ಲ, ಸತ್ತ ಮೇಲಿನದರ ಭಯವಿತ್ತು. ಅವರ ಲಿಂಗಾಯತ ಮನೆತನದಲ್ಲಿ ಹೆಣವನ್ನು ಸುಡುವುದಿಲ್ಲ, ಮಲಗಿಸುವುದೂ ಇಲ್ಲ. ಮೈ ಸೆಟೆಯುವ ಮೊದಲೇ ಕೂರಿಸಿ, ಎಡಗೈಯಲ್ಲಿ ಇಷ್ಟಲಿಂಗವಿಟ್ಟು, ಪೂಜೆಗೆ ಕೂತವರ ಹಾಗೆ ಮಣ್ಣಿಗಿಳಿಸುತ್ತಾರೆ. ಊರ ಹೊಲದ ಬದುವಿನಲ್ಲಿ ಗಂಡ ಹಾಗೆ ಕೂತಿದ್ದಾನೆ. ಪಕ್ಕದ ಜಾಗ ಅವಳದು.

"ಬಸೂ, ನನ್ನ ಊರಿಗೆ ಒಯ್ಯೋ. ನಿಮ್ಮಪ್ಪನ ಮಗ್ಗಲಕ ಕುಂದರಬೇಕು ನಾ."

"ಶಟ್‌ಡೌನ್ ಮುಗೀಲಿ ಯವ್ವಾ, ನಾನೇ ಕರಕೊಂಡು ಹೋಗ್ತೇನಿ."

ಶಟ್‌ಡೌನ್ ಎಂದರೆ ಫ್ಯಾಕ್ಟರಿ ಪೂರ್ತಿ ನಿಲ್ಲಿಸಿ, ಯಂತ್ರಗಳನ್ನೆಲ್ಲ ಬಿಚ್ಚಿ, ರಿಪೇರಿ ಮಾಡಿ ಮತ್ತೆ ಜೋಡಿಸುವ ಕೆಲಸ. ಅದರ ಹೊಣೆಯೆಲ್ಲ ಅವನದೇ. ಯುಗಾದಿಗೆ ಮುಗಿಯಬೇಕಿದ್ದದ್ದು ಬಸವ ಜಯಂತಿಗೂ ಮುಗಿಯಲಿಲ್ಲ. "ನಾನು ಲೀವ್ ಹಾಕಿ ಕರ್ಕೊಂಡು ಹೋಗ್ತೀನಿ ರೀ" ಎಂದಳು ಹೆಂಡತಿ ಸುಪ್ರಿಯಾ. ಒಪ್ಪಲಿಲ್ಲ. ತಾಯಿಯನ್ನು ಮಗನೇ ಕರೆದೊಯ್ಯಬೇಕೆಂಬ ಹಟ. ಹಟ ಹಿಡಿದವನಿಗೆ ಅದು ಪ್ರೀತಿಯೆಂದೇ ತೋರುತ್ತದೆ, ಯಾರೇನು ಮಾಡುವುದು!

ಮಲಗಿದರೆ ಉಸಿರು ಕಟ್ಟುತ್ತಿತ್ತಾದ್ದರಿಂದ ಈರವ್ವ ದಿಂಬಿಗೊರಗಿ ಕೂತೇ ನಿದ್ದೆ ಮಾಡತೊಡಗಿದಳು. ಬಸಲಿಂಗಪ್ಪ ಇನ್ನೊಂದು ದಿಂಬು ತಂದರೆ ನಕ್ಕಳು.

"ಇರಲಿ ಬಿಡೋ. ಕುಂದರೂದು ರೂಢಿ ಮಾಡಕೊಳ್ಳಾಕತ್ತೀನಿ."

ಅವನಿಗೆ ನಗು ಬರಲಿಲ್ಲ. ಆದರೂ ಮರುದಿನ ಎಂದಿನ ಬಸ್ಸಿಗೇ ಟುವಾಸ್‌ಗೆ ಹೋದ.

ಒಂದು ಭಾನುವಾರ ಸುಪ್ರಿಯಾ ಅತ್ತೆಯನ್ನು ಗಾಲಿಕುರ್ಚಿಯಲ್ಲಿ ಕೂರಿಸಿಕೊಂಡು ಗುಡ್ಡಕ್ಕೆ ಬಂದಳು. ತಾಯಿ ಕೇಳುತ್ತಿದ್ದಾಳೆಂದು ಬಸಲಿಂಗಪ್ಪ ಅಂದು ಇನ್ನಷ್ಟು ಬಣ್ಣ ಕಟ್ಟಿ ಪಾದ್ರಿಯ ಕಥೆ ಹೇಳಿದ. ಈರವ್ವ ಕೈಚಾಚಿ ಕಲ್ಲನ್ನು ಮುಟ್ಟಿದಳು.

"ಇದರ ಹಿಂದ ಮಂದಿ ಇಲ್ಲೇನು?"

"ಇಲ್ಲಮ್ಮಾ, ಬರೀ ಕಲ್ಲು" ಎಂದರು ಬ್ಯೂನಾ ವಿಸ್ಟಾದಿಂದ ಬಂದಿದ್ದ ದ್ವಾರಕನಾಥ್. "ಈಗ್ಲೂ ಅಷ್ಟೇ. ಇಲ್ಲಿ ಬರಿಯಲ್ ಮಾಡಿದ್ರೆ ಹದಿನೈದು ವರ್ಷ, ಆಮೇಲೆ ತೆಗೆದುಬಿಡ್ತಾರೆ. ಜಾಗ ಎಲ್ಲಿದೆ?"

ಈರವ್ವ ಮಗನ ಕಡೆ ತಿರುಗಿದಳು. ಅಕಸ್ಮಾತ್ ಏನಾದರೂ ಆದರೆ ಇಲ್ಲೂ ಮಣ್ಣು ಸಿಗುತ್ತದೆಂದು ಅವಳಿಗೆ ಸಮಾಧಾನ ಹೇಳಿದ್ದವನು ಅವನೇ.

"ಆಕಿ ಹೋಗೂನು ಅಂದಾಗ ಇಂವಾ ಯಾಕ ಹೋಗಲಿಲ್ಲೋ?"

"ಗೋಪುರ ಮುಗೀಬೇಕಿತ್ತು ಯವ್ವಾ."

"ಹೌದು. ನಿಂದು ಯಾವಾಗ ಮುಗೀತೈತಿ?"

ಬಸಲಿಂಗಪ್ಪ ಅವತ್ತು ಟೀ ಕುಡಿಸುವುದನ್ನೂ ಮರೆತು ಮನೆಗೆ ಬಂದು ಟಿಕೆಟ್ ಬುಕ್ ಮಾಡಿದ. ಆದರೆ ನಾಳೆಗಲ್ಲ, ಮುಂದಿನ ಶನಿವಾರಕ್ಕೆ. ಶುಕ್ರವಾರ ಫ್ಯಾಕ್ಟರಿ ಶುರುವಾಗುವುದಿತ್ತು. ಒಂದೇ ವಾರ ತಾನೆ ಎಂದುಕೊಂಡ. ಈರವ್ವ ಇಳಕಲ್ ಸೀರೆ ತೆಗೆಸಿ ಮಡಿಲಲ್ಲಿಟ್ಟುಕೊಂಡು ಕೂತಳು.

ಶುಕ್ರವಾರ ಫ್ಯಾಕ್ಟರಿಯ ಸೈರನ್ ಕೂಗಿತು. ಜೊತೆಯವರು ಚಪ್ಪಾಳೆ ತಟ್ಟಿದರು. ಆ ಗದ್ದಲದಲ್ಲಿ ಸುಪ್ರಿಯಾಳ ಫೋನು ಎರಡು ಸಲ ಬಂದು ನಿಂತಿತು. ಮೂರನೆಯದನ್ನು ಎತ್ತಿದ. ಆಂಬುಲೆನ್ಸ್ ಬಂದು ಆಸ್ಪತ್ರೆಗೆ ಒಯ್ದಿತ್ತು, ಅತ್ತೆಗೆ ಉಸಿರಿರಲಿಲ್ಲ.

ಅವನು ಆಸ್ಪತ್ರೆ ಮುಟ್ಟುವಷ್ಟರಲ್ಲಿ ಅವಳನ್ನು ಅಂಗಾತ ಮಲಗಿಸಿ ಬಿಳಿ ಬಟ್ಟೆ ಹೊದಿಸಿದ್ದರು. ಮುಟ್ಟಿ ನೋಡಿದ. ಮೈ ಆಗಲೇ ಸೆಟೆಯತೊಡಗಿತ್ತು. ಊರಿಗೆ ಕಳಿಸಬಹುದು, ಪೆಟ್ಟಿಗೆಯಲ್ಲಿ ಎಂದ ಶವ ಸಾಗಿಸುವ ಕಂಪನಿಯವನು. ಕೂರಿಸಿ ಕಳಿಸಲು ಬರುತ್ತದೆಯೇ ಎಂದು ಬಸಲಿಂಗಪ್ಪ ಕೇಳಿದ. ಆ ಹುಡುಗನಿಗೆ ಮೊದಲು ಅರ್ಥವೇ ಆಗಲಿಲ್ಲ. ಆಮೇಲೆ ಮೆಲ್ಲಗೆ, "ಕೆನಾಟ್ ಲಾ, ಅಂಕಲ್" ಎಂದ.

ಹೊರಗೆ ಬಂದರೆ, ಸುಪ್ರಿಯಾಳಿಂದ ಸುದ್ದಿ ತಿಳಿದಿದ್ದ ಚಿಕ್ಕಪ್ಪನ ಮಗ ಸೂರಜನ ಫೋನು, ಊರಿನಿಂದ. ಹೊಲದಲ್ಲಿ ನಿಂತೇ ಮಾತಾಡುತ್ತಿದ್ದ, ಹಿಂದೆ ಗುದ್ದಲಿಯ ಸದ್ದು.

"ಅಣ್ಣಾ, ದೊಡ್ಡವ್ವನ ಕುಣಿ ತೋಡಾಕ ಮಂದಿ ಬಂದಾರ. ದೊಡ್ಡಪ್ಪಗ ತೋಡಿದಂಗ ಚೌಕ ತೋಡ್ಲೇನು?"

ಎಷ್ಟೋ ಭಾನುವಾರ ಎಷ್ಟೋ ಮಂದಿಯನ್ನು ಅಳಿಸಿದ್ದ ಬಾಯಿಂದ ಒಂದು ಮಾತು ಹೊರಡಲು ಬಹಳ ಹೊತ್ತು ಹಿಡಿಯಿತು.

"ಬ್ಯಾಡೋ, ಸೂರಜ. ಉದ್ದಕ್ಕ ತೋಡಸು."